ಗಂಡಸರ ಸಲೂನಿಗೆ ಬಂದ ಹುಡುಗಿ

ಅವಳು ಬಾಯಿ ತೆರೆಯುವ ಮೊದಲೇ ಅವನು ಬೇಡ ಎಂದುಬಿಟ್ಟ.

ಮಾರುಕಟ್ಟೆ ಬೀದಿಯ ಸಲೂನಿನ ಗಾಜಿನ ಬಾಗಿಲನ್ನು ಅವಳು ಭುಜದಿಂದ ತಳ್ಳಿಕೊಂಡು ಒಳಗೆ ಬಂದಿದ್ದಳು. ಹೆಗಲಿಗೆ ದೊಡ್ಡ ಬ್ಯಾಗು, ಕೊರಳಲ್ಲಿ ಗುರುತಿನ ಕಾರ್ಡು, ಮುಖದ ಮೇಲೆ ಬೆಳಗ್ಗೆಯಿಂದ ಅಭ್ಯಾಸ ಮಾಡಿಕೊಂಡಿದ್ದ ನಗು. ಯಾರದೋ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದವನು ತಿರುಗಿಯೂ ನೋಡಲಿಲ್ಲ. ಕನ್ನಡಿಯಲ್ಲೇ ಅವಳನ್ನೊಮ್ಮೆ ಅಳೆದು, ಬ್ರಷ್ಷಿನ ತುದಿಯಿಂದ ಬಾಗಿಲಿಗೆ ಅಂಟಿಸಿದ್ದ ಚೀಟಿ ತೋರಿಸಿದ. ಶಾಂಪೂ, ಕ್ರೀಮು ಮಾರುವವರು ಒಳಗೆ ಬರಬಾರದು ಎಂದು ಅದರಲ್ಲಿ ಬರೆದಿತ್ತು.

"ನಾನು ಏನೂ ಮಾರಲ್ಲ. ಆರೋಗ್ಯ ಕೇಂದ್ರದಿಂದ ಬಂದಿದ್ದೀನಿ, ಬಿಪಿ ನೋಡೋಕೆ."

"ಯಾರದು?"

"ಇಲ್ಲಿ ಬರೋ ಎಲ್ಲರದೂ."

"ಬೇಡ," ಎಂದ ಅವನು ಮತ್ತೆ. ನೊರೆಯ ಕೆಲಸಕ್ಕೆ ಮರಳಿದ.

ಪಕ್ಕದ ಕುರ್ಚಿಯ ಹಿಂದೆ ಕತ್ತರಿ ಆಡಿಸುತ್ತಿದ್ದ ಅವನ ಚಿಕ್ಕಪ್ಪ ನಕ್ಕುಬಿಟ್ಟ. ನಮ್ಮ ಮೌನಿ ಇಷ್ಟು ಮಾತಾಡಿದ್ದಾನೆ ಅಂದರೆ ಇವತ್ತು ಮಳೆ ಗ್ಯಾರಂಟಿ ಎಂದು ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳಿದ. ಸಲೂನಿನವರೆಂದರೆ ಊರಿನ ಸುದ್ದಿಯೆಲ್ಲ ಬಾಯಲ್ಲಿಟ್ಟುಕೊಂಡವರು. ಇವನೊಬ್ಬ ಮಾತ್ರ ಮಾತನ್ನೆಲ್ಲ ಕತ್ತರಿಗೆ ವಹಿಸಿ ತಾನು ಸುಮ್ಮನಿರುವವನು. ಹಾಗಾಗಿ ಬೀದಿಯವರು ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು.

ಅವಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಮೊಂಡಿ ಎಂದು. ಹೆಸರಿಟ್ಟವರು ಅಪ್ಪ. ಈಗ ಅದರ ಫಲ ಉಣ್ಣುತ್ತಿದ್ದವರೂ ಅವರೇ.

ಅಪ್ಪ ಹೃದಯದ ಶಸ್ತ್ರಚಿಕಿತ್ಸೆ ಮಾಡುವವರು, ತಮ್ಮದೇ ಆಸ್ಪತ್ರೆ ಕಟ್ಟಿದವರು. ಮಗಳು ಆರೋಗ್ಯ ವಿಜ್ಞಾನದ ಡಿಗ್ರಿ ಮುಗಿಸಿದ ಕೂಡಲೇ ತಾವು ಓದಿದ ಕಾಲೇಜಿನಲ್ಲೇ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಕೋರ್ಸಿಗೆ ಸೀಟು ಕೊಡಿಸಿದ್ದರು. ಅದು ಮುಗಿದರೆ ತಮ್ಮ ಪಕ್ಕದ ಕೋಣೆಯಲ್ಲಿ ಅವಳ ಕುರ್ಚಿ ಕಾದಿತ್ತು. ಮೊಂಡಿ ಸೀಟು ಬೇಡವೆನ್ನಲಿಲ್ಲ. ಒಂದು ವರ್ಷ ಬಿಟ್ಟು ಸೇರುತ್ತೇನೆ, ಅಲ್ಲಿಯವರೆಗೆ ಮಾರುಕಟ್ಟೆ ಹಿಂದಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ ಎಂದಳು. ಪುಸ್ತಕದಲ್ಲಿ ಬರೀ ರೋಗಗಳಿದ್ದವು, ರೋಗಿಗಳನ್ನು ನೋಡಬೇಕು ಎಂದಳು. ವರ್ಷ ಹಾಳುಮಾಡಿಕೊಳ್ಳುತ್ತೀಯ ಎಂದು ಅಪ್ಪ ಊಟದ ಮೇಜನ್ನು ಕುಟ್ಟಿದರು.

"ವರ್ಷ ನನ್ನದು ಅಪ್ಪ. ಹಾಳಾದ್ರೆ ನನ್ನದೇ ಹಾಳಾಗ್ಲಿ."

ಅಮ್ಮ ತಟ್ಟೆ ನೋಡಿಕೊಂಡು ಸುಮ್ಮನಿದ್ದರು. ಆ ಮನೆಯಲ್ಲಿ ಸುಮ್ಮನಿರುವ ಪಾಲು ಯಾವಾಗಲೂ ಅಮ್ಮನದೇ.

ಆರೋಗ್ಯ ಕೇಂದ್ರದ ಹಿರಿಯ ನರ್ಸನ್ನು ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಆಕೆಯ ತಲೆನೋವು ಒಂದೇ. ಹೆಂಗಸರು ಬರುತ್ತಿದ್ದರು, ಮಕ್ಕಳು ಬರುತ್ತಿದ್ದರು, ಗಂಡಸರು ಮಾತ್ರ ಸ್ಟ್ರೆಚರಿನ ಮೇಲೆ ಮಲಗಿಯೇ ಬರುತ್ತಿದ್ದರು. ರಕ್ತದೊತ್ತಡ ಏರಿದ್ದು ಗೊತ್ತಾಗುವ ಹೊತ್ತಿಗೆ ಬಾಯಿ ಸೊಟ್ಟಗಾಗಿರುತ್ತಿತ್ತು, ಕೈ ಬಿದ್ದುಹೋಗಿರುತ್ತಿತ್ತು. ಗಂಡಸರು ತಪ್ಪದೆ ಹೋಗಿ ಅಲುಗಾಡದೆ ಕೂರುವ ಜಾಗ ಯಾವುದು ಎಂದು ಮೊಂಡಿ ಯೋಚಿಸಿದಳು. ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಲಿಲ್ಲ.

ಮರುದಿನ ಅವಳು ಬ್ಯಾಗಿಲ್ಲದೆ ಬಂದು ಮೌನಿಯ ಕುರ್ಚಿಯಲ್ಲಿ ಕೂತಳು.

"ಕಟಿಂಗ್."

ಅವನು ಕನ್ನಡಿಯಲ್ಲಿ ಅವಳ ಸೊಂಟದವರೆಗಿನ ಜಡೆ ನೋಡಿದ. "ಇದು ಗಂಡಸರ ಸಲೂನ್."

"ಅದು ಕೂದಲಿಗೆ ಗೊತ್ತಾಗಲ್ಲ. ಕತ್ತರಿಸಿ."

ಎಷ್ಟು ಎಂದು ಕೇಳಿದ. ಭುಜದವರೆಗೆ ಎಂದಳು. ನಿಜವಾಗಿಯೂ ಎಂದು ಇನ್ನೊಮ್ಮೆ ಕೇಳಿದ. ಅವಳು ಕಣ್ಣು ಮುಚ್ಚಿ ತಲೆಯಾಡಿಸಿದಳು. ಕತ್ತರಿ ಕಿವಿಯ ಪಕ್ಕ ಕಚಕಚ ಎಂದಾಗ ಅವಳ ಎದೆ ಧಸಕ್ಕೆಂದದ್ದು ನಿಜ. ಆದರೆ ಅದನ್ನು ತೋರಿಸಿಕೊಂಡರೆ ಅವಳು ಮೊಂಡಿ ಹೇಗಾದಾಳು? ಅವನ ಬೆರಳುಗಳು ಅವಳ ತಲೆಯನ್ನು ಹಕ್ಕಿಮರಿ ಹಿಡಿದ ಹಾಗೆ ಹಿಡಿದು, ಇಷ್ಟೇ ಇಷ್ಟು ಎಡಕ್ಕೆ ವಾಲಿಸಿದವು. ಗಿರಾಕಿ ಕುರ್ಚಿಯಲ್ಲಿರುವವರೆಗೆ ಅವನು ಎಲ್ಲಿಗೂ ಓಡುವ ಹಾಗಿರಲಿಲ್ಲ. ಅವಳು ತನ್ನ ವಾದವನ್ನೆಲ್ಲ ಮುಂದಿಟ್ಟಳು.

ಅವನು ಕೊನೆಯವರೆಗೂ ಕೇಳಿಸಿಕೊಂಡ. ಭುಜದ ಮೇಲಿನ ಕೂದಲು ಕೊಡವುತ್ತಾ ಹೇಳಿದ: "ಮನೇಲಿ ಕೇಳ್ತಾರೆ, ಕೆಲಸದಲ್ಲಿ ಕೇಳ್ತಾರೆ. ಇಲ್ಲಿ ಮಾತ್ರ ಅವರನ್ನ ಯಾರೂ ಏನೂ ಕೇಳಲ್ಲ ಮೇಡಂ. ಅದಕ್ಕೇ ಬರ್ತಾರೆ."

ಮೊಂಡಿಗೆ ಇದು ನಾಟಿತು. "ಹಾಗಾದ್ರೆ ನಾನೂ ಏನೂ ಕೇಳಲ್ಲ. ಮೂಲೆಯಲ್ಲಿ ಕೂತಿರ್ತೀನಿ. ತಾವಾಗೇ ಕೈ ಚಾಚಿದವರಿಗೆ ಮಾತ್ರ ಬಿಪಿ ಪಟ್ಟಿ ಕಟ್ತೀನಿ."

"ಸುಮ್ನೆ ಕೂರೋಕೆ ಬರುತ್ತಾ ನಿಮಗೆ?"

"ಕಲೀತೀನಿ."

ಅಂದು ಅವನು ಮೊದಲ ಸಲ ನಕ್ಕ. ನಗು ತುಟಿಗೆ ಬರಲಿಲ್ಲ, ಕಣ್ಣಿನ ಅಂಚಿನಲ್ಲೇ ಬಂದು ಹೋಯಿತು. ಕನ್ನಡಿಯಲ್ಲಿ ಅವಳು ಅದನ್ನು ಹಿಡಿದುಬಿಟ್ಟಳು.

ಮನೆಯಲ್ಲಿ ಆ ರಾತ್ರಿಯ ಊಟ ನಡೆದದ್ದು ಕೂದಲಿನ ಮೇಲಿನ ಜಗಳದೊಂದಿಗೆ. ಅದನ್ನು ವಿವರಿಸುವುದು ಬೇಡ.

ಸಲೂನಿನ ಮೂಲೆಯಲ್ಲಿ, ಹಳೆಯ ಪತ್ರಿಕೆಗಳ ರಾಶಿಯ ಪಕ್ಕ, ಮೊಂಡಿ ಬಿಪಿ ಮೆಷಿನ್ ಮಡಿಲಲ್ಲಿಟ್ಟುಕೊಂಡು ಕೂತಳು. ಮಾತು ಗಂಟಲವರೆಗೆ ಬಂದಾಗಲೆಲ್ಲ ತುಟಿ ಕಚ್ಚುತ್ತಿದ್ದಳು. ಅವಳ ಪಾಡನ್ನು ಮೌನಿ ಕನ್ನಡಿಯಲ್ಲಿ ನೋಡುತ್ತಿದ್ದ. ಅವಳು ನೋಡಿದ ಕೂಡಲೇ ಗಿರಾಕಿಯ ಕಿವಿಯ ಹಿಂದೆ ಏನೋ ಭಾರಿ ಕೆಲಸವಿದ್ದವನಂತೆ ಬಗ್ಗುತ್ತಿದ್ದ. ಕೆಲವು ದಿನ ಯಾರೂ ಕೈ ಚಾಚಲಿಲ್ಲ. ಅವಳೂ ಜಾಗ ಬಿಡಲಿಲ್ಲ.

ಗುಜರಿ ಅಂಗಡಿಯ ಯಜಮಾನ ದೊಡ್ಡ ದೇಹದವನು, ಬಾಯಿ ಅದಕ್ಕಿಂತ ದೊಡ್ಡದು. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಅಂಗಾತ ಒರಗಿದ್ದವನು, ಇಂಥ ಹುಡುಗಿ ಕೈ ಹಿಡಿದರೆ ಯಾರಿಗೆ ತಾನೇ ಪ್ರೆಷರ್ ಏರುವುದಿಲ್ಲ ಎಂದ. ಒಂದಿಬ್ಬರು ನಕ್ಕರು. ಮೌನಿಯ ಕತ್ತಿ ಅವನ ಗಂಟಲ ಮೇಲೆ ಬಂದು ಅಲ್ಲೇ ನಿಂತಿತು. ಒತ್ತಲಿಲ್ಲ, ಸರಿಯಲೂ ಇಲ್ಲ. ಯಜಮಾನ ಕಣ್ಣನ್ನಷ್ಟೇ ತಿರುಗಿಸಿ ಮೌನಿಯ ಮುಖ ನೋಡಿದ, ಆಮೇಲೆ ಮೂಲೆಯತ್ತ ನೋಡಿದ.

"ತಪ್ಪಾಯ್ತು ತಂಗಿ," ಎಂದ ತುಟಿ ಅಲುಗಿಸದೆ. ಕತ್ತಿ ಮುಂದೆ ಸರಿಯಿತು.

ಶೇವಿಂಗ್ ಮುಗಿದ ಮೇಲೆ, ತಪ್ಪಿನ ಭಾರ ಇಳಿಸಿಕೊಳ್ಳಲೋ ಏನೋ, ತಾನೇ ಬಂದು ತೋಳು ಚಾಚಿದ. ಮೆಷಿನ್ ತೋರಿಸಿದ ಅಂಕಿ ನೋಡಿ ಮೊಂಡಿ ಇನ್ನೊಮ್ಮೆ ಪಟ್ಟಿ ಕಟ್ಟಿದಳು. ಅಂಕಿ ಇಳಿಯಲಿಲ್ಲ. ತಲೆ ಭಾರ ಇರುವುದು ಅಂಗಡಿಯ ಚಿಂತೆಯಿಂದ ಎಂದುಕೊಂಡಿದ್ದನಂತೆ. ಅವಳು ಅವನನ್ನು ಆಟೋ ಹತ್ತಿಸಿ ತಾನೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸರಿಯಾದ ಹೊತ್ತಿಗೆ ಬಂದಿರಿ ಎಂದರು ಅಲ್ಲಿಯ ಡಾಕ್ಟರು. ವಾರದೊಳಗೆ ಮಾರುಕಟ್ಟೆಗೆಲ್ಲ ಸುದ್ದಿ ಹರಡಿತು. ಹಬ್ಬಿಸಿದವನು ಗುಜರಿ ಯಜಮಾನನೇ. ಮೂಲೆಯ ಮುಂದೆ ಸಾಲು ಬೆಳೆಯಿತು, ಅವಳಿಗೆ ಬಿಪಿ ಮೇಡಂ ಎಂಬ ಹೆಸರೂ ಅಂಟಿತು.

ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಮೊಂಡಿ ಮೌನಿಯನ್ನೇ ಕರೆದಳು. ಊರವರಿಗೆಲ್ಲ ಆಯಿತು, ಈಗ ನಿಮ್ಮ ಸರದಿ ಎಂದಳು. ಅವನು ಅಂಗಿಯ ತೋಳು ಮಡಿಸಿ ಕೂತ. ಪಟ್ಟಿ ಬಿಗಿಯಿತು, ಸಡಿಲವಾಯಿತು. ಅವಳು ಮೆಷಿನ್ನಿನ ಮೇಲೆ ಬಗ್ಗಿದಾಗ ಕತ್ತರಿಸಿದ ಕೂದಲು ಗಲ್ಲದ ಮೇಲೆ ಜಾರಿತು. ಅದನ್ನು ಕಿವಿಯ ಹಿಂದೆ ಸರಿಸಲು ಅವನ ಕೈ ಅರ್ಧ ಎದ್ದು, ಏನೋ ನೆನಪಾದಂತೆ ತೊಡೆಯ ಮೇಲೆ ಮರಳಿತು.

"ಪ್ರೆಷರ್ ಸರಿ ಇದೆ. ನಾಡಿ ಮಾತ್ರ ಯಾಕೆ ಹೀಗೆ ಓಡ್ತಿದೆ?"

"ಮೆಟ್ಟಿಲು ಹತ್ತಿ ಬಂದೆ."

ಆ ಸಲೂನಿಗೆ ಮೆಟ್ಟಿಲೇ ಇರಲಿಲ್ಲ. ಇಬ್ಬರೂ ಬಾಗಿಲಿನತ್ತ ನೋಡಿ, ನೆಲ ನೋಡಿ, ಕೊನೆಗೆ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಚಿಕ್ಕಪ್ಪ ಚಹಾ ತರುತ್ತೇನೆಂದು ಹೊರಗೆ ಹೋದ, ಬಹಳ ಹೊತ್ತು ಬರಲಿಲ್ಲ.

ಅಪ್ಪನ ಕಿವಿಗೆ ಸುದ್ದಿ ಬೀಳದೆ ಇರುತ್ತದೆಯೇ? ದೊಡ್ಡ ಡಾಕ್ಟರ ಮಗಳು ಗಂಡಸರ ಸಲೂನಿನಲ್ಲಿ ಕೂರುತ್ತಾಳಂತೆ ಎಂದು ಯಾರೋ ಹೇಳಿದರು. ಆರೋಗ್ಯ ಕೇಂದ್ರದ ಸಮಿತಿಯ ಅಧ್ಯಕ್ಷರು ಅಪ್ಪನ ಗೆಳೆಯರು. ಮಹಿಳಾ ಸಿಬ್ಬಂದಿ ಇನ್ನು ಸಲೂನುಗಳ ಒಳಗೆ ಕೂರಬಾರದು, ಆ ಹುಡುಗಿಗೆ ಆಫೀಸಿನಲ್ಲೇ ಕಂಪ್ಯೂಟರ್ ಕೆಲಸ ಕೊಡಿ ಎಂದು ಅಪ್ಪಣೆ ಬಂತು.

ಮೊಂಡಿ ನೇರ ಅಪ್ಪನ ಮುಂದೆ ಹೋಗಿ ನಿಂತಳು. ಫೋನ್ ಮಾಡಿದ್ದು ನೀವೇ ಅಲ್ಲವೇ ಎಂದಳು. ಹೌದು, ನಿನ್ನ ಒಳ್ಳೆಯದಕ್ಕೇ ಎಂದರು ಅಪ್ಪ. ನಾಲ್ಕು ಜನ ಏನೆನ್ನುತ್ತಾರೆ, ಕತ್ತರಿ ಹಿಡಿಯುವವನ ಅಂಗಡಿಯಲ್ಲಿ ನಿನಗೇನು ಕೆಲಸ ಎಂದರು.

"ನೀವು ಹಿಡಿಯೋದೂ ಕತ್ತರಿನೇ ಅಲ್ವಾ ಅಪ್ಪ? ಅವರು ಮೇಲೆ ಕತ್ತರಿಸ್ತಾರೆ, ನೀವು ಒಳಗೆ."

ಅಮ್ಮ ಅಡುಗೆಮನೆಯಲ್ಲಿ ಕೆಮ್ಮಿದರು. ಅದು ಕೆಮ್ಮೋ ನಗುವೋ ಗೊತ್ತಾಗಲಿಲ್ಲ.

ಬೆಳಗ್ಗೆ ಸಿಸ್ಟರಮ್ಮ ಅವಳನ್ನು ಔಷಧದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಆಕೆ ಅಪ್ಪಣೆ ಮೀರುವವರಲ್ಲ, ಅಪ್ಪಣೆಯನ್ನು ಸರಿಯಾಗಿ ಓದುವವರು. "ಸಲೂನಿನ ಒಳಗೆ ಕೂರಬಾರದು ಅಂದಿದ್ದಾರೆ ಕಣಮ್ಮ. ಹೊರಗಿನ ವಿಷಯ ಯಾರೂ ಮಾತಾಡಿಲ್ಲ. ಕಂಪ್ಯೂಟರ್ ಕೆಟ್ಟಿದೆ, ರಿಪೇರಿಯವನು ಬರೋದು ಯಾವಾಗಲೋ." ಕಂಪ್ಯೂಟರ್ ಪಕ್ಕದಲ್ಲೇ ಗುಂಯ್‌ಗುಡುತ್ತಿತ್ತು.

ಮೊಂಡಿ ಒಂದು ಸ್ಟೂಲ್ ಎತ್ತಿಕೊಂಡು ಹೋಗಿ ಸಲೂನಿನ ಎದುರು ಫುಟ್‌ಪಾತಿನ ಮೇಲೆ ಕೂತಳು. ಬಿಸಿಲು ನೆತ್ತಿಯ ಮೇಲಿತ್ತು. ಓಡಾಡುವವರು ಸುತ್ತಿಕೊಂಡು ಹೋಗುತ್ತಿದ್ದರು. ಒಳಗೆ ಕುರ್ಚಿಯಲ್ಲಿದ್ದವರು ಹೊರಗೆ ಬರಲು ಹಿಂಜರಿದರು. ಬೀದಿಯಲ್ಲಿ ತೋಳು ಬಿಚ್ಚಿ ಕೂರುವುದಕ್ಕೆ ನಾಚಿಕೆ. ಕಣ್ಣು ತುಂಬಿ ಬಂದರೂ ಅವಳು ರೆಪ್ಪೆ ಮಿಟುಕಿಸಲಿಲ್ಲ. ಅಳುವುದಾದರೆ ಮನೆಗೆ ಹೋಗಿ ಅಳುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು.

ಆಗ ಒಳಗಿನಿಂದ ಕಬ್ಬಿಣ ಕೆರೆಯುವ ಸದ್ದು ಬಂತು.

ಮೌನಿ ತನ್ನ ಕುರ್ಚಿಯ ಬೋಲ್ಟುಗಳನ್ನು ಬಿಚ್ಚಿ, ಆ ಭಾರದ ಕಬ್ಬಿಣದ ಕುರ್ಚಿಯನ್ನು ಬಾಗಿಲಿನವರೆಗೆ ಎಳೆದು ತಂದಿದ್ದ. ಹೊಸ್ತಿಲಲ್ಲಿ ಅದು ಸಿಕ್ಕಿಕೊಂಡಿತು. ಗುಜರಿ ಯಜಮಾನ ತನ್ನ ಅಂಗಡಿಯಿಂದ ಓಡಿ ಬಂದು, ಡಾಕ್ಟರು ಭಾರ ಎತ್ತಬೇಡ ಅಂದಿದ್ದಾರಲ್ಲ ಎಂದು ಮೊಂಡಿ ಗದರಿಸುತ್ತಿದ್ದರೂ ಕೇಳದೆ, ಒಂದು ಕೈ ಹಾಕಲು ಹೋದ. ಚಿಕ್ಕಪ್ಪ ಅವನನ್ನು ಹಿಂದೆ ತಳ್ಳಿ ತಾನೇ ಹೆಗಲು ಕೊಟ್ಟ. ಕುರ್ಚಿ ಫುಟ್‌ಪಾತಿಗೆ ಬಂದು ಅವಳ ಸ್ಟೂಲಿನ ಪಕ್ಕ ನಿಂತಿತು. ಮೌನಿಯ ಅಂಗೈ ತರಚಿ ರಕ್ತ ಬಂದಿತ್ತು. ಅವಳು ಹತ್ತಿ ತೆಗೆದು ಒರೆಸಿದಳು, ಮದ್ದು ಹಚ್ಚಿದಳು.

"ಯಾಕೆ ಇಷ್ಟೆಲ್ಲ?"

"ಒಳಗೆ ಗಾಳಿ ಇಲ್ಲ," ಎಂದ ಅವನು. ಫ್ಯಾನು ತಿರುಗುತ್ತಲೇ ಇತ್ತು.

ಗುಜರಿ ಯಜಮಾನ ಬೀದಿಗೆಲ್ಲ ಕಾಣುವಂತೆ ಆ ಕುರ್ಚಿಯಲ್ಲಿ ಕೂತು, ಒಂದು ಕೈ ಬಿಪಿ ಮೇಡಂಗೆ ಕೊಟ್ಟು ಗಡ್ಡ ಮೌನಿಗೆ ಒಪ್ಪಿಸಿದ. ಅವನ ಹಿಂದೆ ಇನ್ನೊಬ್ಬ ಬಂದ, ಅವನ ಹಿಂದೆ ಮತ್ತೊಬ್ಬ. ಹೊರಗೆ ಕನ್ನಡಿ ಇರಲಿಲ್ಲ. ಇಷ್ಟು ತಿಂಗಳು ಗಾಜಿನಲ್ಲಿ ಕದ್ದು ನೋಡಿಕೊಂಡವರು ಅಂದು ಹಾಡಹಗಲಲ್ಲಿ ಎದುರುಬದುರು ನೋಡಬೇಕಾಯಿತು. ಅವನ ಕಣ್ಣು ಪೂರ್ತಿ ಕಪ್ಪಲ್ಲ, ಬಿಸಿಲಿಗೆ ಕಂದು ಎಂಬುದು ಅವಳಿಗೆ ಆಗ ಗೊತ್ತಾಯಿತು.

ಅಪ್ಪನ ಕಾರು ಬಂದು ನಿಂತದ್ದೂ ಅಂಥದ್ದೇ ಒಂದು ದಿನ. ಅಪ್ಪ ಇಳಿದರು. ಜನ ದಾರಿ ಬಿಟ್ಟರು. ನಡಿ ಮನೆಗೆ ಎಂದರು ಮಗಳಿಗೆ. ಅವಳು ಹಣ್ಣಿನ ಅಂಗಡಿಯ ಮುದುಕನ ತೋಳಿಗೆ ಪಟ್ಟಿ ಸುತ್ತುತ್ತಿದ್ದವಳು ತಲೆ ಎತ್ತುವಷ್ಟರಲ್ಲಿ ಮೌನಿ ಕತ್ತರಿ ಕೆಳಗಿಟ್ಟು ಮುಂದೆ ಬಂದ.

"ಅವರು ಕೆಲಸದಲ್ಲಿದ್ದಾರೆ ಸರ್. ಮುಗೀಲಿ."

ಧ್ವನಿ ಏರಲಿಲ್ಲ. ಅಪ್ಪ ಅವನನ್ನು ನೋಡಿದರು, ಸಾಲನ್ನು ನೋಡಿದರು, ಬಿಸಿಲಿಗೆ ಕೆಂಪಾದ ಮಗಳ ಮುಖ ನೋಡಿದರು. ತಿರುಗಿ ಕಾರು ಹತ್ತಿದರು. ಅಪ್ಪಣೆಯ ಕಥೆ ತಾನಾಗೇ ತಣ್ಣಗಾಯಿತು. ಬೇರೆ ಬೀದಿಯ ಸಲೂನಿನವರೂ ನಮ್ಮಲ್ಲಿಗೂ ಯಾರನ್ನಾದರೂ ಕಳಿಸಿ ಎಂದು ಕೇಂದ್ರಕ್ಕೆ ಬಂದು ಕೇಳಿದಾಗ ಸಮಿತಿಯವರಿಗೆ ಬಾಯಿ ಕಟ್ಟಿತು. ಕುರ್ಚಿ ಒಳಗೆ ಹೋಯಿತು, ಮೊಂಡಿಯೂ ಹೋದಳು.

ವರ್ಷ ಮುಗಿಯುತ್ತ ಬಂದಿತ್ತು. ಅಪ್ಪ ಕೊಡಿಸಿದ್ದ ಸೀಟನ್ನು ಅವಳು ಬಿಟ್ಟುಕೊಟ್ಟಳು. ದೂರದ ಇನ್ನೊಂದು ಊರಿನ ವಿಶ್ವವಿದ್ಯಾಲಯದಲ್ಲಿ ಸಮುದಾಯ ಆರೋಗ್ಯ ಓದಲು ತಾನೇ ಪರೀಕ್ಷೆ ಬರೆದು ಆಯ್ಕೆಯಾಗಿದ್ದಳು. ಸುದ್ದಿ ಬಂದ ದಿನ ಮೊದಲು ಓಡಿದ್ದು ಸಲೂನಿಗೆ. ಚಿಕ್ಕಪ್ಪ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಬಂದು ಕೈ ಕುಲುಕಿದ. ಮೌನಿ ಒಳ್ಳೆಯದಾಯಿತು ಎಂದ, ಅಷ್ಟೇ.

ಆಮೇಲೆ ಅವನು ಕನ್ನಡಿಯಲ್ಲೂ ನೋಡದಾದ. ಅವಳು ಬಂದರೆ ಟವೆಲ್ ಒಣಗಿಸಲು ಹಿಂದೆ ಹೋಗುತ್ತಿದ್ದ. ಒಂದು ವಾರ ಸಹಿಸಿದಳು. ಗಿರಾಕಿಗಳೆಲ್ಲ ಹೋದ ಒಂದು ಸಂಜೆ ದಾರಿಗೆ ಅಡ್ಡ ನಿಂತು ಏನಾಯಿತು ಎಂದು ಕೇಳಿದಳು.

ಅವನು ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ನೀವು ದೊಡ್ಡ ಓದು ಓದೋರು. ನಾಳೆ ನಿಮಗೆ ನಾಚಿಕೆ ಆಗೋದು ಬೇಡ. ಇಲ್ಲಿಗೇ ಚೆನ್ನಾಗಿದೆ."

ಮೊಂಡಿಗೆ ಅಪ್ಪನ ಮೇಲೂ ಬಾರದಷ್ಟು ಸಿಟ್ಟು ಬಂತು.

"ನನಗೆ ಯಾವುದು ಒಳ್ಳೇದು ಅಂತ ಅಪ್ಪ ಒಬ್ಬರು ತೀರ್ಮಾನ ಮಾಡ್ತಿದ್ರು. ಈಗ ನೀವೂ ಶುರು ಮಾಡಿದ್ರಾ? ನಾಚಿಕೆ ಆಗುತ್ತಾ ಇಲ್ವಾ ಅಂತ ನನ್ನನ್ನ ಕೇಳಿದ್ರಾ? ನಾನು ನಿಮ್ಮನ್ನ ಪ್ರೀತಿಸ್ತೀನಿ. ಓದೋಕೂ ಹೋಗ್ತೀನಿ. ಎರಡನ್ನೂ ಮಾಡ್ತೀನಿ, ಒಂದಕ್ಕಾಗಿ ಇನ್ನೊಂದನ್ನ ಬಿಡಲ್ಲ. ನಿಮ್ಮ ಉತ್ತರ ಏನು ಅಂತ ಮಾತ್ರ ಹೇಳಿ, ನನ್ನ ಉತ್ತರ ನೀವು ಹೇಳಬೇಡಿ."

ಅವನು ಟವೆಲನ್ನು ಇನ್ನೊಮ್ಮೆ ಬಿಚ್ಚಿ ಮಡಿಸತೊಡಗಿದ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿ ಬೀದಿಗಿಳಿದಳು. ಹಿಂದೆ ತಿರುಗಿ ನೋಡಬಾರದೆಂದು ಕತ್ತನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಮನೆ ತಲುಪುವ ಹೊತ್ತಿಗೆ ಅದು ನೋಯುತ್ತಿತ್ತು.

ಹೊರಡುವ ದಿನ ಹತ್ತಿರ ಬಂತು. ಅವಳು ಬಟ್ಟೆ ಜೋಡಿಸುತ್ತಿದ್ದಳು, ಅಪ್ಪ ರಜೆಯ ದಿನದ ಪತ್ರಿಕೆ ಓದುತ್ತಿದ್ದರು. ಕರೆಗಂಟೆ ಸದ್ದಾಯಿತು. ಅಮ್ಮ ಬಾಗಿಲು ತೆಗೆದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೌನಿ ನಿಂತಿದ್ದ. ಹಣೆಯಲ್ಲಿ ಬೆವರು.

ಅಪ್ಪ ಪತ್ರಿಕೆ ಇಳಿಸಿ ಏನು ಬೇಕು ಎಂದರು.

"ನಿಮ್ಮ ಮಗಳಿಗೆ ಒಂದು ಉತ್ತರ ಕೊಡೋದು ಬಾಕಿ ಇದೆ ಸರ್. ಅವತ್ತು ಕೇಳಿದ್ರು, ನನಗೆ ಬಾಯಿ ಬರಲಿಲ್ಲ." ಅವನು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಮೊಂಡಿಯತ್ತ ತಿರುಗಿದ. "ನಾನು ನಿಮ್ಮನ್ನ ಪ್ರೀತಿಸ್ತೀನಿ. ನೀವು ಜಡೆ ಕತ್ತರಿಸಿ ಅಂತ ಕಣ್ಣು ಮುಚ್ಚಿದ್ರಲ್ಲ, ಅವತ್ತಿಂದ. ಅವತ್ತು ನಾಚಿಕೆ ಅಂದಿದ್ದು ನನ್ನ ಹೆದರಿಕೆ. ಅದನ್ನ ನಿಮ್ಮ ತಲೆಗೆ ಕಟ್ಟಿದೆ. ಇನ್ನು ಕಟ್ಟಲ್ಲ."

ಬೀದಿಯವರು ಕೇಳಿದ್ದರೆ ಇವನು ಮೌನಿಯೇ ಅಲ್ಲ ಎನ್ನುತ್ತಿದ್ದರು.

ಅಪ್ಪ ಎದ್ದು ನಿಂತರು. ಅವಳು ಓದಲು ಹೋಗುತ್ತಿದ್ದಾಳೆ, ನೀನು ಕಾಯುತ್ತಾ ಕೂರುತ್ತೀಯೋ ಎಂದು ಕೇಳಿದರು.

"ಇಲ್ಲ ಸರ್. ಕಾಯೋಕೆ ನನಗೆ ಬರಲ್ಲ. ಇವರು ಬಾ ಅಂದ್ರೆ ನಾನೂ ಹೋಗ್ತೀನಿ. ಅಂಗಡಿ ಚಿಕ್ಕಪ್ಪ ನೋಡ್ಕೊಳ್ತಾರೆ. ಎಲ್ಲ ಊರಲ್ಲೂ ಜನಕ್ಕೆ ಕೂದಲು ಬೆಳೆಯುತ್ತೆ."

ಮೊಂಡಿಗೆ ನಗು, ಅಳು ಎರಡೂ ಒಟ್ಟಿಗೆ ನುಗ್ಗಿ ಬಂದವು. ಬಾ ಎಂದಳು. ಅದೊಂದೇ ಅಕ್ಷರ ಹೊರಟದ್ದು.

"ನನ್ನ ಒಪ್ಪಿಗೆ ಇಲ್ಲ," ಎಂದರು ಅಪ್ಪ.

"ಗೊತ್ತು ಅಪ್ಪ. ನಾವು ಕೇಳಲೂ ಇಲ್ಲ. ನೀವು ಒಪ್ಪಿದ ದಿನ ನನಗೆ ತುಂಬ ಸಂತೋಷ ಆಗುತ್ತೆ. ಅಲ್ಲಿಯವರೆಗೆ ಇದೇ ಸಂತೋಷದಲ್ಲಿ ಇರ್ತೀನಿ."

ಅಪ್ಪ ಅಮ್ಮನತ್ತ ನೋಡಿದರು. ಅಮ್ಮ ಅಂದು ನೆಲ ನೋಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಮೌನಿಯ ಮುಂದೆ ಬಂದು, ಊಟದ ಹೊತ್ತಾಯಿತು, ಉಂಡೇ ಹೋಗಬೇಕು ಎಂದರು. ಆಮೇಲೆ ಗಂಡನ ಕಡೆ ತಿರುಗದೆಯೇ ಹೇಳಿದರು: "ಇವಳ ಮದುವೆಗೆ ನಾನಂತೂ ಹೋಗ್ತೀನಿ ರೀ. ನೀವು ನೋಡಿ."

ಅಪ್ಪ ದಡದಡ ಮಹಡಿ ಹತ್ತಿದರು. ಮೇಲೆ ಬಾಗಿಲು ಹಾಕಿದ ಸದ್ದು ಬಂತು. ಆದರೆ ಊಟದ ಮಧ್ಯೆ ಬಂದು ಯಾರನ್ನೂ ಎಬ್ಬಿಸಲಿಲ್ಲ.

ಊಟವಾದ ಮೇಲೆ ಅವಳು ಗೇಟಿನವರೆಗೆ ಬಂದಳು. ಮಧ್ಯಾಹ್ನದ ಬೀದಿ ಖಾಲಿಯಿತ್ತು. ಅವನ ಕೈ ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ. ಬೆರಳು ಗಲ್ಲವನ್ನು ಸವರಿ, ಅವಳ ಕೈಗೆ ಬಂದು ಅಲ್ಲೇ ಉಳಿಯಿತು.

"ಇನ್ನೊಂದ್ಸಲ ಹೇಳಿ," ಎಂದಳು.

"ಯಾವುದು?"

"ಒಳಗೆ ಮೊದಲು ಹೇಳಿದ್ದು."

ಮಹಡಿಯ ಕಿಟಕಿಯ ಪರದೆ ಸ್ವಲ್ಪ ಸರಿದು, ಹಿಂದೆ ಅಪ್ಪ ನಿಂತಿರುವುದು ಇಬ್ಬರಿಗೂ ಕಂಡಿತು. ಅವನು ಒಮ್ಮೆ ಮೇಲೆ ನೋಡಿದ. ಹಿಡಿದ ಕೈ ಬಿಡಲಿಲ್ಲ. ಕಿಟಕಿಗೂ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ, ಮೇಡಂ ಎನ್ನುವುದನ್ನು ಬಿಟ್ಟು, ನೀವು ಎನ್ನುವುದನ್ನೂ ಬಿಟ್ಟು ಹೇಳಿದ:

"ನಿನ್ನನ್ನ ಪ್ರೀತಿಸ್ತೀನಿ ಕಣೇ."